ಆನ್‌ಲೈನ್ ತರಗತಿ: ದೂರು ಯಾರ ಮೇಲೆ?

ಮಾನ್ಯರೇ,

ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕಲಿಯುವ ಮನಸ್ಸೇ ಇರಲಿಲ್ಲ ಎಂಬ ಮಾತು ಉಪನ್ಯಾಸಕರ ಕೊಠಡಿಗಳಲ್ಲಿ ಈಗಲೂ ಕೇಳಿಬರುತ್ತದೆ. ಆಗ ಪಾಠ ಮಾಡಿದವರಲ್ಲಿ ಒಬ್ಬನಾದ ನನಗೆ ಇದು ಅರ್ಧ ಸತ್ಯವೆನಿಸುತ್ತದೆ.

ಶ್ರೀನಿವಾಸಪುರ ಕಡೆಯ ವಿದ್ಯಾರ್ಥಿನಿಯೊಬ್ಬಳು ಸಿಗ್ನಲ್‌ಗಾಗಿ ಮಾವಿನ ತೋಟದ ಬದುವಿನ ಮೇಲೆ ಕುಳಿತು ಪಾಠ ಕೇಳುತ್ತಿದ್ದಳು. ಪ್ರಶ್ನೆ ಕೇಳಲೆಂದು ಮೈಕ್ ತೆರೆದರೆ ಅವಳ ದನಿಗಿಂತ ಮೊದಲು ಕ್ರೇಟುಗಳ ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನಿನಲ್ಲಿ ತಮ್ಮನಿಗೂ ತರಗತಿ ಇದ್ದುದರಿಂದ ವಾರಕ್ಕೆ ಮೂರು ದಿನ ಅವಳು ಗೈರುಹಾಜರಿ. ಇದನ್ನು ನಿರಾಸಕ್ತಿ ಎನ್ನಲಾದೀತೇ? ಇನ್ನು ಹಾಜರಾತಿಗಾಗಿ ಲಾಗಿನ್ ಆಗಿ ಮಲಗುತ್ತಿದ್ದವರೂ ಇದ್ದರು, ಅಲ್ಲಗಳೆಯುವುದಿಲ್ಲ. ಆದರೆ 2020ರ ಜುಲೈನಲ್ಲಿ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆಯಿಲ್ಲದೆ ತೇರ್ಗಡೆ ಎಂದು ಸರ್ಕಾರ ಪ್ರಕಟಿಸಿದ ಮೇಲೆ, ಅಂಕಕ್ಕಾಗಿಯೇ ಓದಲು ನಾವೇ ಕಲಿಸಿದ್ದ ಮಕ್ಕಳಿಗೆ ಓದಲು ಬೇರೆ ಕಾರಣವೇನು ಉಳಿದಿತ್ತು? ಒಂದು ಗಂಟೆ ಪಿಪಿಟಿ ಓದಿ ಹೇಳಿದ ನಮ್ಮ ಪಾಲೂ ಕಡಿಮೆಯದಲ್ಲ.

ಮುಂದೆ ಆನ್‌ಲೈನ್ ಪಾಠ ಅನಿವಾರ್ಯವಾದರೆ, ಕಡಿಮೆ ಡೇಟಾ ಸಾಕಾಗುವ ಧ್ವನಿಮುದ್ರಿತ ಪಾಠಗಳನ್ನೂ ಹತ್ತು ಹದಿನೈದು ಮಂದಿಯ ಚರ್ಚಾ ಗುಂಪುಗಳನ್ನೂ ವಿಶ್ವವಿದ್ಯಾಲಯಗಳು ಈಗಲೇ ಸಿದ್ಧಪಡಿಸಿಕೊಳ್ಳಬೇಕು.

– ಒಬ್ಬ ಉಪನ್ಯಾಸಕ, ಕೋಲಾರ