ಮಗಳಿಗೊಂದು ಪತ್ರ: ಕರಿಬೇವಿನ ಗಿಡದ ಚಿಟ್ಟೆ

ಚಿ. ಕು. ಮೇದಿನಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಹಾಸ್ಟೆಲಿನ ಹಿತ್ತಲಲ್ಲಿ ಕರಿಬೇವಿನ ಚಿಗುರಿಗೆ ಮೊಟ್ಟೆಯಿಡುತ್ತಿದ್ದ ಚಿಟ್ಟೆಯ ಚಿತ್ರ ಕಳುಹಿಸಿ, ಹಿಂಬದಿ ರೆಕ್ಕೆಯ ಬಿಳಿ ಮಚ್ಚೆ, ಕೆಂಪು ಚುಕ್ಕೆಗಳನ್ನು ನೋಡಿ ಅದು ಕಾಮನ್ ರೋಸ್ ಇರಬೇಕೆಂದು ಬರೆದಿದ್ದೀಯೆ. ರೋಸ್ ಆಗಿದ್ದರೆ ಅದು ಈಶ್ವರ ಬಳ್ಳಿಯನ್ನು ಹುಡುಕಿಕೊಂಡು ಹೋಗುತ್ತಿತ್ತೇ ಹೊರತು ಕರಿಬೇವಿನ ಮೇಲೆ ಮೊಟ್ಟೆಯಿಡುತ್ತಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಒಡಲನ್ನು ನೋಡು. ರೋಸ್ ಚಿಟ್ಟೆಯ ಒಡಲು ಕೆಂಪು, ಇದರದು ಕಪ್ಪು. ಇದು ಕಾಮನ್ ಮಾರ್ಮನ್ ಹೆಣ್ಣು. ರೋಸ್ ಚಿಟ್ಟೆಗಳ ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಅವನ್ನು ದೂರವಿಡುತ್ತವೆ. ಹಾಗಾಗಿ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್‌ನ, ಕೆಲವು ಕ್ರಿಮ್ಸನ್ ರೋಸ್‌ನ ವೇಷ ತೊಟ್ಟಿರುತ್ತವೆ. ಉಳಿದವು ಗಂಡಿನಂತೆಯೇ ಕಪ್ಪು ರೆಕ್ಕೆ, ಬಿಳಿ ಚುಕ್ಕೆಯ ಸಾಲಿನಲ್ಲಿ ಇರುತ್ತವೆ.

ನೀನು ಮೋಸಹೋದುದಕ್ಕೆ ನಾಚಿಕೊಳ್ಳಬೇಡ, ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದ ಲಿನೇಯಸ್ಸನೇ ಮೋಸಹೋಗಿದ್ದ. ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ವೀರರ ಹೆಸರುಗಳನ್ನು ಚಿಟ್ಟೆಗಳಿಗೆ ಹಂಚುವುದು ಅವನ ರೂಢಿ. 1758ರಲ್ಲಿ ಅವನು ಈ ಚಿಟ್ಟೆಯ ಗಂಡಿಗೆ ಪ್ಯಾಪಿಲಿಯೋ ಪ್ಯಾಮನ್ ಎಂದೂ, ವೇಷ ತೊಟ್ಟ ಹೆಣ್ಣಿಗೆ ಪ್ಯಾಪಿಲಿಯೋ ಪಾಲಿಟೀಸ್ ಎಂದೂ ಬೇರೆ ಬೇರೆ ಹೆಸರಿಟ್ಟ. ಪ್ಯಾಮನ್, ಪಾಲಿಟೀಸ್ ಇಬ್ಬರೂ ಟ್ರಾಯ್‌ನ ಪ್ರಿಯಾಮ್ ರಾಜನ ಗಂಡುಮಕ್ಕಳು. ಒಂದೇ ಪ್ರಭೇದದ ಗಂಡು ಹೆಣ್ಣುಗಳು ಅವನ ಪುಸ್ತಕದಲ್ಲಿ ಅಣ್ಣತಮ್ಮಂದಿರಾಗಿ ಕುಳಿತವು. ಕ್ರಿಮ್ಸನ್ ರೋಸ್‌ಗೆ ಅವನು ಕೊಟ್ಟದ್ದು ಮತ್ತೊಬ್ಬ ಸಹೋದರ ಹೆಕ್ಟರನ ಹೆಸರು. ಆ ಹೆಕ್ಟರನಂತೆ ಕಾಣುವ ಮಾರ್ಮನ್ ಹೆಣ್ಣು 1775ರಲ್ಲಿ ಡಚ್ ಕೀಟತಜ್ಞ ಕ್ರೇಮರನ ಕೈಗೆ ಸಿಕ್ಕಿ ರೋಮ್ಯುಲಸ್ ಎಂಬ ಮೂರನೆಯ ಹೆಸರನ್ನೂ ಪಡೆಯಿತು. ಇವು ಒಂದೇ ಪ್ರಭೇದದ ಹಲವು ರೂಪಗಳೆಂದು ಇಂಗ್ಲಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವಾಲೇಸ್ ವಿವರಿಸಿದ್ದು 1865ರ ಪ್ರಬಂಧದಲ್ಲಿ. ಈಗ ಉಳಿದಿರುವುದು ಪಾಲಿಟೀಸ್, ಅಂದರೆ ಹೆಣ್ಣಿಗಿಟ್ಟ ಹೆಸರು. ನಮ್ಮ ಕಡೆಯ ಉಪಪ್ರಭೇದ ಪ್ಯಾಪಿಲಿಯೋ ಪಾಲಿಟೀಸ್ ರೋಮ್ಯುಲಸ್. ಅದರಲ್ಲಿ ಕ್ರೇಮರನ ಹೆಸರೂ ಬಾಲದಂತೆ ಉಳಿದುಕೊಂಡಿದೆ. ಗಂಡಿನ ಹೆಸರಷ್ಟೇ ಬಿದ್ದುಹೋಯಿತು.

ಮಾರ್ಮನ್ ಎಂಬುದು ಇಂಗ್ಲಿಷರು ಇಟ್ಟ ಹೆಸರು. ಹಿಂದೆ ಬಹುಪತ್ನಿತ್ವ ರೂಢಿಯಲ್ಲಿದ್ದ ಅಮೆರಿಕದ ಮಾರ್ಮನ್ ಪಂಥವನ್ನು ನೆನೆದು, ಒಂದು ಗಂಡಿಗೆ ಹಲವು ಬಗೆಯ ಹೆಣ್ಣುಗಳಿವೆಯೆಂದು ಮಾಡಿದ ತಮಾಷೆಯದು. ನನಗೇನೋ ಅದು ಅಷ್ಟು ಹಿಡಿಸಿಲ್ಲ. ವೇಷ ಹಾಕುವ ಜಾಣತನವೆಲ್ಲ ಹೆಣ್ಣಿನದಾಗಿರುವಾಗ ಹೆಸರಿನ ಹಾಸ್ಯ ಗಂಡಿನ ಸುತ್ತ ಏಕೆ? ಈ ವೇಷವನ್ನು ನಿರ್ಧರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು.

ನಮ್ಮ ಗಿಡದಲ್ಲೂ ಈಗ ಮೂರು ಹುಳುಗಳಿವೆ. ಎರಡು ಇನ್ನೂ ಹಕ್ಕಿಯ ಹಿಕ್ಕೆಯಂತಿವೆ; ಹಸಿರು ಬಣ್ಣಕ್ಕೆ ತಿರುಗಿದ ಮೂರನೆಯದನ್ನು ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಚಾಚಿ ಘಾಟು ಬಿಡುತ್ತದೆ. ನಿನ್ನಮ್ಮ ಎರಡು ದಿನದಿಂದ ಒಗ್ಗರಣೆಗೆ ಪಕ್ಕದ ಮನೆಯಿಂದ ಕರಿಬೇವು ತರುತ್ತಿದ್ದಾಳೆ.

ಇತಿ,
ನಿನ್ನ ಅಪ್ಪ