ಯುಗಾದಿಯ ನಂತರ ಪ್ಯಾಕೇಜ್ ಇರುವುದಿಲ್ಲ, ಅವಧಿ ಹೆಚ್ಚುತ್ತದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ತುಮಕೂರು

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಯುಗಾದಿ ಕಳೆದ ಮೇಲೆ ಬರುವ ಮೊದಲ ಸೋಮವಾರದಿಂದ ತಲೆ, ಸೊಂಟ, ಪಾದಗಳನ್ನು ಹಗುರವಾಗಿ ಹಿಡಿದು ಮಾಡುವ ಕ್ರೇನಿಯೋಸೇಕ್ರಲ್ ಥೆರಪಿಯ ನಮ್ಮ ಕೇಂದ್ರದಲ್ಲಿ ಹತ್ತು ಸಲದ ಪ್ಯಾಕೇಜ್ ಇರುವುದಿಲ್ಲ. ಮುಂಗಡ ಹಣ ಕಟ್ಟಿಸಿಕೊಳ್ಳುವುದನ್ನು ಪೂರ್ತಿ ನಿಲ್ಲಿಸುತ್ತಿದ್ದೇವೆ. ಬಂದ ದಿನ, ಬಂದ ಸಲಕ್ಕೆ ಮಾತ್ರ ಹಣ ಕೊಟ್ಟರೆ ಸಾಕು. ಒಂದು ಸಲದ ಅವಧಿ 40 ನಿಮಿಷ ಇದ್ದದ್ದು 70 ನಿಮಿಷವಾಗುತ್ತದೆ. ಶುಲ್ಕ 600 ರೂಪಾಯಿಯಿಂದ 850 ರೂಪಾಯಿಗೆ ಏರುತ್ತದೆ. ದಿನಕ್ಕೆ ನೋಡುವವರ ಸಂಖ್ಯೆ ಕಡಿಮೆಯಾಗುವುದರಿಂದ, ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡೇ ಬರಬೇಕೆಂದು ಕೋರುತ್ತೇವೆ. ದಿನಗೂಲಿಯವರಿಗೆ ಮಂಗಳವಾರ ಮತ್ತು ಶುಕ್ರವಾರ ಈಗಿರುವಂತೆ 400 ರೂಪಾಯಿಯೇ ಮುಂದುವರಿಯುತ್ತದೆ. ಅದರಲ್ಲಿ ಬದಲಾವಣೆ ಇಲ್ಲ.

ಇಷ್ಟನ್ನು ಬಾಗಿಲಿಗೆ ಒಂದು ಚೀಟಿ ಅಂಟಿಸಿಯೂ ತಿಳಿಸಬಹುದಿತ್ತು. ಆದರೆ ನಮ್ಮ ಕೈಗೆ ತಲೆ ಕೊಟ್ಟು ಕಣ್ಣು ಮುಚ್ಚುವವರಿಗೆ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಮೊದಲು ಅವಧಿಯ ವಿಷಯ. ಕ್ರೇನಿಯೋಸೇಕ್ರಲ್ ಥೆರಪಿ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ತೊಟ್ಟ ಬಟ್ಟೆಯಲ್ಲೇ ಅಂಗಾತ ಮಲಗುತ್ತೀರಿ. ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ, ನೆಟಿಕೆ ತೆಗೆಯುವುದಿಲ್ಲ. ನಾವು ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ಶುರು ಮಾಡುತ್ತೇವೆ, ಆಮೇಲೆ ಸೊಂಟದ ಕೆಳಗಿನ ತ್ರಿಕಾಸ್ಥಿಯ ಅಡಿಗೆ ಒಂದು ಕೈ ಇಡುತ್ತೇವೆ, ಕೊನೆಗೆ ತಲೆಯ ಕಡೆ ಕುಳಿತು ಕುತ್ತಿಗೆ ಬುರುಡೆಗೆ ಸೇರುವ ಜಾಗದಲ್ಲಿ ಬೆರಳುಗಳನ್ನು ನಿಲ್ಲಿಸುತ್ತೇವೆ. ನಮ್ಮ ಬೆರಳು ತನ್ನ ಕಡೆಯಿಂದ ಹಾಕುವ ಒತ್ತಡ ಸುಮಾರು 5 ಗ್ರಾಂ, ಅಂದರೆ ಎರಡು ರೂಪಾಯಿಯ ನಾಣ್ಯವೊಂದನ್ನು ಚರ್ಮದ ಮೇಲೆ ಇಟ್ಟಷ್ಟು.

ವಯಸ್ಕರ ತಲೆ ನಾಲ್ಕೈದು ಕಿಲೋ ತೂಗುತ್ತದೆ. ಹೆಚ್ಚಿನವರು ಮಲಗಿದ ಮೇಲೂ ಆ ತೂಕವನ್ನು ತಾವೇ ಹೊತ್ತಿರುತ್ತಾರೆ. ತಲೆ ನಮ್ಮ ಅಂಗೈಗೆ ತಗಲಿರುತ್ತದೆ, ಭಾರ ಮಾತ್ರ ಬಂದಿರುವುದಿಲ್ಲ. ನಸುಕಿನಲ್ಲಿ ಬೆಂಗಳೂರಿನ ರೈಲು ಹಿಡಿದು ರಾತ್ರಿ ಮರಳುವವರು, ಗುಬ್ಬಿ ಕಡೆಯಿಂದ ಬರುವ, ಸುಗ್ಗಿಯಲ್ಲಿ ಹಗಲಿಡೀ ತಲೆ ಬಗ್ಗಿಸಿ ಅಡಿಕೆ ಸುಲಿಯುವ ಹೆಂಗಸರು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ಪಿಯುಸಿ ಪರೀಕ್ಷೆಗೆ ಓದುವ ಮಕ್ಕಳು, ಎಲ್ಲರಲ್ಲೂ ಇದು ಒಂದೇ. ‘ತಲೆ ಸಡಿಲ ಬಿಡಿ’ ಎಂದರೆ ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ನಾವು ಏನೂ ಹೇಳದೆ ಕಾಯುತ್ತೇವೆ. ಹದಿನೈದು, ಇಪ್ಪತ್ತು ನಿಮಿಷ ಕಳೆದ ಮೇಲೆ ಭಾರ ಕೈಗೆ ಇಳಿಯುತ್ತದೆ. ಕೆಳದವಡೆ ಸಡಿಲವಾಗುತ್ತದೆ, ಉಸಿರು ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ, ಹೊಟ್ಟೆ ಗುರ್ ಎನ್ನುತ್ತದೆ. ಕೆಲವರು ಅದಕ್ಕೆ ನಾಚಿಕೊಂಡು ಕ್ಷಮೆ ಕೇಳುತ್ತಾರೆ. ಕೇಳಬೇಕಾಗಿಲ್ಲ, ನಾವು ಕಾಯುತ್ತಿರುವುದೇ ಆ ಸದ್ದಿಗೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ. 40 ನಿಮಿಷದಲ್ಲಿ ಅರ್ಧ ಹೊತ್ತು ಅಲ್ಲಿಗೆ ತಲುಪುವುದಕ್ಕೇ ಹೋಗುತ್ತದೆ. ಇನ್ನು ಮುಂದೆ ಹತ್ತು ನಿಮಿಷ ಮಾತು, 45 ನಿಮಿಷ ಕೈಯ ಕೆಲಸ, ಉಳಿದ 15 ನಿಮಿಷ ಹೊದಿಕೆ ಹೊದ್ದು ಸುಮ್ಮನೆ ಮಲಗಿರುವುದು. ಈ ಕೊನೆಯ 15 ನಿಮಿಷವನ್ನು ದಯವಿಟ್ಟು ಬಿಟ್ಟುಕೊಡಬೇಡಿ. ಎದ್ದ ಕೂಡಲೇ ಸ್ವಲ್ಪ ತಲೆ ಹಗುರಾದಂತೆ, ಮಂಪರು ಬಂದಂತೆ ಅನಿಸುವುದುಂಟು; ಆ ಸ್ಥಿತಿಯಲ್ಲಿ ಸ್ಕೂಟರ್ ಹತ್ತಿ ಬಿ.ಎಚ್. ರಸ್ತೆಗೆ ಇಳಿಯುವುದು ಒಳ್ಳೆಯದಲ್ಲ.

ಪ್ಯಾಕೇಜ್ ಏಕೆ ನಿಲ್ಲಿಸುತ್ತಿದ್ದೇವೆ ಎನ್ನುವುದಕ್ಕೆ ಈ ಪದ್ಧತಿಯ ಹಿನ್ನೆಲೆಗೇ ಹೋಗಬೇಕು. 1899ರ ಸುಮಾರಿಗೆ ಅಮೆರಿಕದ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿ (ಎಲುಬು, ಸ್ನಾಯುಗಳನ್ನು ಕೈಯಿಂದಲೇ ನೋಡಿ ಸರಿಪಡಿಸುವ ಚಿಕಿತ್ಸಾ ಪದ್ಧತಿ) ಓದುತ್ತಿದ್ದ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್, ಬಿಡಿಸಿಟ್ಟ ತಲೆಬುರುಡೆಯ ಎಲುಬುಗಳನ್ನು ನೋಡುತ್ತಾ ಕಿವಿಯ ಬಳಿಯ ಎಲುಬಿನ ಇಳಿಜಾರು ಅಂಚು ಮೀನಿನ ಕಿವಿರಿನಂತಿದೆ, ಇದು ಚಲನೆಗಾಗಿಯೇ ಇರಬೇಕು ಎಂದುಕೊಂಡರು. ಬುರುಡೆಯ ಎಲುಬುಗಳು ಸೂಕ್ಷ್ಮವಾಗಿ ಅಲುಗುತ್ತವೆ ಎಂಬ ಅವರ ವಿಚಾರವನ್ನು 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಎಂಬ ವೈದ್ಯರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಮುಂದುವರಿಸಿದರು. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ತನ್ನದೇ ಲಯವಿದೆ, ಕೈಯಿಟ್ಟರೆ ಅದು ತಿಳಿಯುತ್ತದೆ, ತಡೆ ಇದ್ದಲ್ಲಿ ಹಗುರ ಸ್ಪರ್ಶದಿಂದಲೇ ಬಿಡಿಸಬಹುದು ಎಂದು ಅವರು ಕಲಿಸಿದರು. ನಾವು ಕಲಿತದ್ದೂ ಆ ಪರಂಪರೆಯಲ್ಲೇ.

ದ್ರವ ಇರುವುದು ನಿಜ. ವಯಸ್ಕರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ 500 ಮಿಲಿಲೀಟರ್‌ನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ. ಹೃದಯದ ಬಡಿತ ಮತ್ತು ಉಸಿರಾಟದ ಜೊತೆ ಅದು ಮಿಡಿಯುವುದೂ ನಿಜ. ಆದರೆ ಬೆರಳಿಗೆ ಸಿಗುವ ಪ್ರತ್ಯೇಕ ಲಯವೊಂದಿದೆ ಎಂಬುದು ಪರೀಕ್ಷೆಯಲ್ಲಿ ನಿಂತಿಲ್ಲ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಬ್ಬರು ಪರೀಕ್ಷಕರು ಒಂದೇ ಹೊತ್ತಿಗೆ ಒಬ್ಬರೇ ವ್ಯಕ್ತಿಯ ತಲೆ ಮತ್ತು ಪಾದಗಳನ್ನು ಹಿಡಿದು ಲಯವನ್ನು ಎಣಿಸಿದರು. ಇಬ್ಬರ ಎಣಿಕೆ ಒಂದಕ್ಕೊಂದು ಹೊಂದಲಿಲ್ಲ. ಬೆಳೆದವರ ಬುರುಡೆಯ ಎಲುಬುಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, 5 ಗ್ರಾಂ ಒತ್ತಡಕ್ಕೆ ಸರಿಯುವಂಥವಲ್ಲ. ಹೀಗಿರುವಾಗ ‘ನಿಮ್ಮ ಲಯ ತಪ್ಪಿದೆ, ಹತ್ತು ಸಲ ಬಂದರೆ ಸರಿಹೋಗುತ್ತದೆ’ ಎಂದು ಮೊದಲ ದಿನವೇ ಹೇಳಿ ಹಣ ಪಡೆಯುವುದಕ್ಕೆ ಆಧಾರವಿಲ್ಲ.

ಹಾಗೆಂದು ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದೂ ನಾವು ಹೇಳಲಾರೆವು. ಬಂದವರ ಭುಜ ಇಳಿಯುವುದನ್ನು, ಮುಖದ ಗಂಟು ಬಿಡುವುದನ್ನು ನಾವು ದಿನವೂ ಕಣ್ಣಾರೆ ಕಾಣುತ್ತೇವೆ. ಬಹುಕಾಲದ ಕುತ್ತಿಗೆ ನೋವಿದ್ದ 54 ಜನರ ಮೇಲೆ ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ವಾರಕ್ಕೊಮ್ಮೆಯಂತೆ ಎಂಟು ವಾರ ಕೆಲವರಿಗೆ ಈ ಥೆರಪಿ, ಉಳಿದವರಿಗೆ ಬರಿಯ ಹಗುರ ಸ್ಪರ್ಶ. ಥೆರಪಿ ಪಡೆದವರಲ್ಲಿ ನೋವು ಹೆಚ್ಚು ತಗ್ಗಿತ್ತು. ಆದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ 2024ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಪ್ರಯೋಜನ ಕಾಣಲಿಲ್ಲ. ಎರಡನ್ನೂ ಮುಚ್ಚಿಡದೆ ನಿಮ್ಮ ಮುಂದೆ ಇಡುತ್ತಿದ್ದೇವೆ. ಒಟ್ಟಿನಲ್ಲಿ, ನಿಮಗೆ ಉಪಯೋಗವಾಗುತ್ತಿದೆಯೇ ಇಲ್ಲವೇ ಎಂಬುದನ್ನು ನಿಮ್ಮ ದೇಹವನ್ನೇ ಕೇಳಿ ತಿಳಿಯಬೇಕು. ಮುಂಗಡ ಕಟ್ಟಿದವರಿಗೆ ಆ ಪ್ರಶ್ನೆ ಕೇಳಿಕೊಳ್ಳುವುದು ಕಷ್ಟ. ಕೊಟ್ಟ ಹಣ ದಂಡವಾಗಬಾರದೆಂದು ಬರುತ್ತಲೇ ಇರುತ್ತಾರೆ, ವೈದ್ಯರ ಬಳಿ ಹೋಗುವುದು ಅಷ್ಟರ ಮಟ್ಟಿಗೆ ಮುಂದಕ್ಕೆ ಹೋಗುತ್ತದೆ. ಇನ್ನು ಮುಂದೆ ನಾಲ್ಕನೆಯ ಸಲ ಮುಗಿದ ಮೇಲೆ ಕುಳಿತು ಮಾತನಾಡುತ್ತೇವೆ. ಕುತ್ತಿಗೆ ಹೊರಳಿಸುವುದು ಸುಲಭವಾಗಿದೆಯೇ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತಿದೆ, ನೋವಿನ ಮಾತ್ರೆ ಕಡಿಮೆಯಾಗಿದೆಯೇ ಎಂದು ಕೇಳುತ್ತೇವೆ. ವ್ಯತ್ಯಾಸ ಕಾಣದಿದ್ದರೆ ಇನ್ನು ಬರಬೇಡಿ ಎಂದು ನಾವೇ ಹೇಳುತ್ತೇವೆ.

ಮನಸ್ಸಿನ ವಿಷಯಕ್ಕೂ ಒಂದೆರಡು ಮಾತು. ಮಲಗಿದ್ದವರ ಕಣ್ಣಂಚಿನಿಂದ ಕಿವಿಯ ಕಡೆಗೆ ನೀರು ಇಳಿಯುವುದು ನಮ್ಮಲ್ಲಿ ಅಪರೂಪವಲ್ಲ. ಮನೆಯಲ್ಲಿ ಎಲ್ಲರಿಗೂ ಧೈರ್ಯ ಹೇಳುವವರಲ್ಲೇ ಇದನ್ನು ಹೆಚ್ಚು ಕಂಡಿದ್ದೇವೆ. ನಾವು ಆಗ ಏಕೆ, ಏನು ಎಂದು ಕೇಳುವುದಿಲ್ಲ. ಕರವಸ್ತ್ರ ಕೊಡಲೆಂದು ಕೈಯನ್ನೂ ತೆಗೆಯುವುದಿಲ್ಲ. ಕೈ ತೆಗೆದರೆ ಅಳು ನಿಲ್ಲಿಸಬೇಕೆಂದು ಅವರಿಗೆ ಅನಿಸುತ್ತದೆ. ಹಳೆಯ ಪೆಟ್ಟಿನ, ದುಃಖದ ನೆನಪು ದೇಹದ ಅಂಗಾಂಶಗಳಲ್ಲಿ ಉಳಿದಿರುತ್ತದೆ ಎಂದು ಅಪ್ಲೆಡ್ಜರ್ ನಂಬಿದ್ದರು. ನಾವು ಅಷ್ಟು ದೂರ ಹೋಗುವುದಿಲ್ಲ. ಒಂದು ಗಂಟೆ ಯಾರೂ ಏನನ್ನೂ ಕೇಳದ ಜಾಗ ಸಿಕ್ಕಿದರೆ ಮನಸ್ಸು ಹಗುರಾಗುತ್ತದೆ, ಅಷ್ಟು ಮಾತ್ರ ನಮಗೆ ಖಚಿತ. ಆದರೆ ನಾವು ಮನೋವೈದ್ಯರಲ್ಲ, ಆಪ್ತಸಮಾಲೋಚಕರೂ ಅಲ್ಲ. ವಾರಗಟ್ಟಲೆ ನಿದ್ದೆ ಊಟ ಸೇರದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಫೋನ್ ಹಚ್ಚಲು ಅಳುಕಾದರೆ ನಮ್ಮಲ್ಲಿ ಕುಳಿತೇ ಮಾಡಿ, ಜೊತೆಗೆ ಇರುತ್ತೇವೆ.

ಕೆಲವು ಸಂದರ್ಭಗಳಲ್ಲಿ ನಾವು ತಲೆಯನ್ನು ಮುಟ್ಟುವುದೇ ಇಲ್ಲ. ಇತ್ತೀಚೆಗೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಮಿದುಳಿನಲ್ಲಿ ರಕ್ತಸ್ರಾವ ಆಗಿರುವವರು, ಮಿದುಳಿನ ರಕ್ತನಾಳ ಉಬ್ಬಿದೆ ಎಂದು ವೈದ್ಯರು ಹೇಳಿರುವವರು, ಬೆನ್ನಿನಿಂದ ನೀರು ತೆಗೆಸಿಕೊಂಡು ಹೆಚ್ಚು ದಿನ ಆಗದವರು ದಯವಿಟ್ಟು ಮೊದಲೇ ತಿಳಿಸಿ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ‘ಗಾಳಿ ಹೊಡೆದಿದೆ, ಯಾರಾದರೂ ತಲೆ ಹಿಡಿಯಲಿ’ ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ ಮಾತ್ರ. ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಹಿಂದೆಂದೂ ಕಾಣದಂತಹ ತಲೆನೋವು ಒಮ್ಮೆಲೇ ಬಂದರೆ, ಆಗಲೂ ಅಷ್ಟೇ. ಬಿಪಿ, ಫಿಟ್ಸ್, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಮ್ಮಲ್ಲಿಗೆ ಬರುತ್ತಿದ್ದೇನೆ ಎಂಬ ಕಾರಣಕ್ಕೆ ಬಿಡಲೇಬೇಡಿ.

ಎರಡು ವರ್ಷದೊಳಗಿನ ಮಕ್ಕಳನ್ನೂ ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ. ಇದು ಹಲವು ಅಜ್ಜಿಯರಿಗೆ ಬೇಸರ ತರಬಹುದು. ಸ್ನಾನದ ಹೊತ್ತಿಗೆ ಮಗುವಿನ ತಲೆ ಒತ್ತಿ ದುಂಡಗೆ ಮಾಡುವ ರೂಢಿ ನಮ್ಮ ಮನೆಗಳಲ್ಲಿದೆ, ಅದನ್ನೇ ಇಲ್ಲಿ ಇನ್ನೂ ನಾಜೂಕಾಗಿ ಮಾಡುತ್ತಾರೆ ಎಂದು ನಂಬಿ ಬರುತ್ತೀರಿ. ಮಗುವಿನ ನೆತ್ತಿಯ ಮೆದು ಭಾಗ ಸಾಮಾನ್ಯವಾಗಿ ಮುಚ್ಚುವುದು ಒಂದೂವರೆ ವರ್ಷದ ಹೊತ್ತಿಗೆ. ಒಂದೇ ಮಗ್ಗುಲಿಗೆ ತಲೆಯಿಟ್ಟು ಮಲಗಿ ಚಪ್ಪಟೆಯಾದ ತಲೆ ಮಗು ಬೆಳೆದಂತೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಚ್ಚರವಿರುವಾಗ, ನಿಮ್ಮ ಕಣ್ಣೆದುರಿನಲ್ಲಿ, ಸ್ವಲ್ಪ ಹೊತ್ತು ಬೋರಲಾಗಿ ಮಲಗಿಸಿದರೆ ಅನುಕೂಲ. ಅಪರೂಪಕ್ಕೆ ಬುರುಡೆಯ ಕೀಲುಗಳು ಅವಧಿಗೆ ಮೊದಲೇ ಕೂಡಿಕೊಂಡಿರುತ್ತವೆ. ಅದನ್ನು ಗುರುತಿಸಬೇಕಾದವರು ಮಕ್ಕಳ ತಜ್ಞರು, ಸರಿಪಡಿಸಬೇಕಾದವರು ಶಸ್ತ್ರಚಿಕಿತ್ಸಕರು. ಬಾಣಂತಿ ತಾಯಂದಿರು ಮಾತ್ರ ಧಾರಾಳವಾಗಿ ಬನ್ನಿ. ಹಾಲೂಡಿಸಿ ಹಾಲೂಡಿಸಿ ಬಿಗಿದ ಭುಜಕ್ಕೂ ನಿದ್ದೆಗೆಟ್ಟ ತಲೆಗೂ ಆ 70 ನಿಮಿಷ ಬೇಕು. ಅಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳಲು ಮನೆಯಿಂದ ಒಬ್ಬರನ್ನು ಕರೆತನ್ನಿ.

ಈಗಾಗಲೇ ಪ್ಯಾಕೇಜ್ ಕಟ್ಟಿರುವವರು ಉಳಿದ ಸಲಗಳನ್ನು ಹಳೆಯ ದರದಲ್ಲೇ, ಹೊಸ 70 ನಿಮಿಷದ ಅವಧಿಯಲ್ಲೇ ಮುಗಿಸಿಕೊಳ್ಳಬಹುದು. ಬೇಡವೆಂದರೆ ಉಳಿದ ಹಣವನ್ನು ಕಡಿತವಿಲ್ಲದೆ ಹಿಂದಿರುಗಿಸುತ್ತೇವೆ. ರಸೀದಿ ಕಳೆದುಹೋಗಿದ್ದರೂ ಚಿಂತೆಯಿಲ್ಲ, ನಮ್ಮ ಪುಸ್ತಕದಲ್ಲಿ ಹೆಸರು ಮತ್ತು ಲೆಕ್ಕ ಇದೆ. ಹಣ ವಾಪಸ್ ಪಡೆಯಲು ಕೆಲಸದ ದಿನಗಳಲ್ಲಿ ಸಂಜೆ 5ರಿಂದ 7ರ ನಡುವೆ ಬನ್ನಿ. ಬರಲಾಗದವರು ಫೋನ್ ಮಾಡಿದರೆ ನಿಮ್ಮ ಬ್ಯಾಂಕ್ ಖಾತೆಗೇ ಹಾಕುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕೇಂದ್ರದ ಎಲ್ಲ ಥೆರಪಿಸ್ಟ್‌ಗಳು