ತುರ್ತು ನೆರವಿನ ಸಮಿತಿಗೆ ಸೇರಿದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾನು ಕ್ಷೇಮ, ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಸಂಕಷ್ಟದಲ್ಲಿರುವ ಕುಟುಂಬಗಳಿಗಾಗಿ ನಿಮ್ಮಲ್ಲಿ ಕೆಲವರು ಕೂಡಿ ತುರ್ತು ನೆರವಿನ ನಿಧಿಯೊಂದನ್ನು ಆರಂಭಿಸಿದ್ದಾರೆಂದೂ, ಅರ್ಜಿ ನೋಡುವ ಸಮಿತಿಗೆ ನಿನ್ನನ್ನು ಸೇರಿಸಿಕೊಂಡಿದ್ದಾರೆಂದೂ ಬರೆದಿದ್ದೀಯೆ. ಜೊತೆಗೆ, ಅರ್ಹರಲ್ಲದವರು ಬಂದು ಹಣ ಪಡೆದುಕೊಂಡು ಹೋದರೆ ಏನು ಮಾಡುವುದೆಂದು ಕೇಳಿದ್ದೀಯೆ. ಇಂಥದೇ ಸಮಿತಿಯೊಂದರಲ್ಲಿ ಕೆಲವು ವರ್ಷ ಕುಳಿತ ನಾನೂ ಮೊದಲ ದಿನ ಕೇಳಿದ್ದು ಅದನ್ನೇ. ಆ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಕುಳಿತದ್ದರಿಂದ ನಮ್ಮ ಕೈಯಿಂದ ಒಂದು ಅನ್ಯಾಯ ನಡೆದುಹೋಯಿತು. ಅದನ್ನು ನಿನಗೆ ಹೇಳಲೇಬೇಕು.

ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದ ಹೆಣ್ಣುಮಗಳೊಬ್ಬರು ಒಂದು ತಿಂಗಳ ಬಾಡಿಗೆಯಷ್ಟು ನೆರವು ಕೇಳಿ ಬಂದಿದ್ದರು. ಗಂಡ ಕೆಲಸದ ಜಾಗದಲ್ಲಿ ಬಿದ್ದು ಮಲಗಿದ್ದ, ಕೂಲಿ ನಿಂತಿತ್ತು, ಮನೆಯ ಮಾಲೀಕ ವಾರದ ಗಡುವು ಕೊಟ್ಟಿದ್ದ. ಅವರು ತಂದಿದ್ದ ಚೀಲದಲ್ಲಿ ಬಿಲ್ಲುಗಳೆಲ್ಲ ತಿಂಗಳುವಾರು ಜೋಡಿಸಿದ್ದವು, ಪ್ರತಿಯೊಂದು ಕಟ್ಟಿಗೂ ಹೊಲಿಗೆಯವರು ಬಳಸುವ ಗುಂಡುಸೂಜಿ ಚುಚ್ಚಿತ್ತು. ಅಷ್ಟು ಅಚ್ಚುಕಟ್ಟಾದ ಅರ್ಜಿ ನಮಗೆ ಆಮೇಲೂ ಬರಲಿಲ್ಲ. ಆದರೂ ನಾವು ಆದಾಯದ ಪುರಾವೆ ಕೇಳಿದೆವು. ಅದು ಬಂದ ಮೇಲೆ ವೈದ್ಯರ ಪತ್ರ ಕೇಳಿದೆವು. ಅದೂ ಬಂದ ಮೇಲೆ, ಎರಡನೆಯ ಸಹಿ ಹಾಕಬೇಕಾದ ಸದಸ್ಯರು ಪರಊರಿಗೆ ಹೋಗಿದ್ದಾರೆಂದು ಕಾಯಿಸಿದೆವು. ಹತ್ತೊಂಬತ್ತನೆಯ ದಿನ ಹಣ ಕೊಡಲು ಹೋದಾಗ ಅವರು ಹೊಲಿಗೆ ಯಂತ್ರವನ್ನೇ ಅಡವಿಟ್ಟು ಬಾಡಿಗೆ ಕಟ್ಟಿಯಾಗಿತ್ತು. ದುಡಿಯುವ ಯಂತ್ರ ಮನೆಯಲ್ಲಿಲ್ಲ, ಬಡ್ಡಿ ಮಾತ್ರ ದಿನದಿನವೂ ಬೆಳೆಯುತ್ತಿದೆ. ನಾವು ಕೊಟ್ಟದ್ದರಿಂದ ಯಂತ್ರ ಬಿಡಿಸಿಕೊಳ್ಳಲು ಆಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಅವರು ತಂದುಕೊಟ್ಟ ಪುರಾವೆಗಳೆಲ್ಲ ನಿಜವಾಗಿದ್ದವು ಎಂಬುದನ್ನೂ ಹೇಳಿಬಿಡುತ್ತೇನೆ.

ಹಣದ ಮುಗ್ಗಟ್ಟು ಒಂದು ಮನೆಯನ್ನು ಹಿಡಿಯುವ ರೀತಿಯೇ ಇದು. ಮೊದಲ ಏಟು ಸಾಮಾನ್ಯವಾಗಿ ಸಣ್ಣದು: ಒಂದು ತಿಂಗಳ ಸಂಬಳ ತಪ್ಪುತ್ತದೆ, ಮನೆಯಲ್ಲೊಬ್ಬರು ಆಸ್ಪತ್ರೆ ಸೇರುತ್ತಾರೆ, ಕೆಲಸಕ್ಕೆ ಹೋಗುವ ಗಾಡಿ ಕೆಟ್ಟು ನಿಲ್ಲುತ್ತದೆ. ಉಳಿತಾಯವಿದ್ದವರು ಅದನ್ನು ತಾಳಿಕೊಳ್ಳುತ್ತಾರೆ. ಇಲ್ಲದವರು ಗಾಡಿ ರಿಪೇರಿ ಮಾಡಿಸಲಾಗದೆ ನಾಲ್ಕು ದಿನ ಕೆಲಸ ತಪ್ಪಿಸುತ್ತಾರೆ, ಕೆಲಸ ಹೋಗುತ್ತದೆ, ಬಾಡಿಗೆ ನಿಲ್ಲುತ್ತದೆ, ಮನೆ ಬಿಟ್ಟರೆ ಮಕ್ಕಳ ಶಾಲೆಯೂ ಬದಲಾಗುತ್ತದೆ. ಮೊದಲ ವಾರ ಒಂದು ರಿಪೇರಿಯ ಹಣದಿಂದ ನಿಲ್ಲಬಹುದಾಗಿದ್ದ ಕುಸಿತವನ್ನು ಮೂರನೆಯ ತಿಂಗಳಲ್ಲಿ ಅದರ ಹತ್ತು ಪಟ್ಟು ಸುರಿದರೂ ನಿಲ್ಲಿಸುವುದು ಕಷ್ಟ. ನಿಮ್ಮಂಥ ಸಣ್ಣ ನಿಧಿಗೆ ಬೆಲೆ ಇರುವುದು ಆ ಮೊದಲ ವಾರದಲ್ಲಿ.

ಇದಕ್ಕೆ ಗಟ್ಟಿಯಾದ ಆಧಾರವೂ ಇದೆ. ಮನೆ ಕಳೆದುಕೊಳ್ಳುವ ಅಂಚಿನಲ್ಲಿದ್ದವರು ತಾತ್ಕಾಲಿಕ ನೆರವು ಕೇಳಿ ಕರೆ ಮಾಡುವ ವ್ಯವಸ್ಥೆಯೊಂದು ಅಮೆರಿಕದ ಶಿಕಾಗೊ ನಗರದಲ್ಲಿತ್ತು. ಅಲ್ಲಿ ನಿಧಿ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಬರಿದಾಗಿರುತ್ತಿತ್ತು. ಹೀಗಾಗಿ ಒಂದೇ ಬಗೆಯ ಕಷ್ಟದಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ ಹಣ ಸಿಕ್ಕು ಇನ್ನೊಬ್ಬರಿಗೆ ಸಿಗದಿರುವುದು ಅವರು ಕರೆ ಮಾಡಿದ ದಿನವನ್ನು ಮಾತ್ರ ಅವಲಂಬಿಸಿತ್ತು. 2010ರಿಂದ 2012ರವರೆಗಿನ ಆ ಕರೆಗಳನ್ನು ಹೋಲಿಸಿ ನೋಡಿದ ಸಂಶೋಧಕರು, ನಿಧಿ ಇದ್ದ ದಿನ ಕರೆ ಮಾಡಿದವರು ನಿರಾಶ್ರಿತರ ತಂಗುದಾಣ ಸೇರುವ ಸಾಧ್ಯತೆ ಶೇ. 76ರಷ್ಟು ಕಡಿಮೆ ಎಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಣ ಸಿಗದವರಲ್ಲಿಯೂ ಬಹುಪಾಲು ಜನ ಹೇಗೋ ತಂಗುದಾಣದವರೆಗೆ ಹೋಗದೆ ಉಳಿದರು ಎಂಬುದನ್ನು ಮರೆಮಾಚಲಾರೆ. ಆದರೆ ಬೀಳುವವರು ಯಾರು, ತಡವರಿಸಿ ನಿಲ್ಲುವವರು ಯಾರು ಎಂದು ಅರ್ಜಿ ನೋಡಿ ಹೇಳುವ ಜಾಣತನ ನಮ್ಮ ಸಮಿತಿಗಂತೂ ಎಂದೂ ಬರಲಿಲ್ಲ.

ಇನ್ನು ಅರ್ಜಿಯ ವಿಚಾರ. ಕಷ್ಟದಲ್ಲಿರುವವರು ಅರ್ಜಿಯನ್ನು ತಪ್ಪಾಗಿ ತುಂಬಿದಾಗ, ಕೇಳಿದ ಕಾಗದವನ್ನು ಮರೆತು ಬಂದಾಗ, ಅವರಿಗೆ ಕಾಳಜಿಯೇ ಇಲ್ಲವೆಂದು ನಮ್ಮಲ್ಲಿ ಕೆಲವರು ಗೊಣಗುತ್ತಿದ್ದರು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿದ ಮೇಲೆ ನಾನು ಗೊಣಗುವುದನ್ನು ಬಿಟ್ಟೆ. ಕಟಾವಿಗೆ ಮುಂಚೆ ಕೈ ಖಾಲಿಯಾಗಿದ್ದಾಗ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ, ಕಟಾವಾಗಿ ಹಣ ಬಂದ ಮೇಲೆ ಚೆನ್ನಾಗಿ ಉತ್ತರಿಸಿದರು. ಮನುಷ್ಯ ಅದೇ, ತಲೆಯ ಮೇಲಿನ ಹೊರೆ ಬೇರೆ. ಹಾಗಿರುವಾಗ ಹನ್ನೆರಡು ಪುಟದ ನಮೂನೆಯನ್ನು ನಾವು ಕೈಗಿಡುವುದು, ಅದನ್ನು ತುಂಬಲು ಅವರಿಗೆ ಅತ್ಯಂತ ಕಷ್ಟವಾಗುವ ದಿನದಂದೇ.

ನಾಚಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊ. ಮಜ್ಜಿಗೆಗೆ ಬಂದವರು ಗಡಿಗೆ ಮುಚ್ಚಿಟ್ಟುಕೊಂಡರೆಂದು ನಾವು ನಗುತ್ತೇವೆ, ಆದರೆ ಕೇಳುವ ಸರದಿ ನಮ್ಮದಾದರೆ ಗಡಿಗೆಯನ್ನು ಸೆರಗಿನೊಳಗೆ ಸೇರಿಸದವರು ಯಾರು? ಎಷ್ಟೋ ಜನ ಬಂದು ಅರ್ಧ ಗಂಟೆ ಬೇರೆಯವರ ಕಷ್ಟವನ್ನು ಹೇಳಿ, ಎದ್ದು ಬಾಗಿಲವರೆಗೆ ಹೋಗಿ, ಆಮೇಲೆ ತಿರುಗಿ ನಿಂತು ತಮ್ಮದನ್ನು ಹೇಳಿದ್ದಾರೆ. ಬಂದವರೊಡನೆ ಒಬ್ಬರೇ ಕುಳಿತು ಮಾತಾಡಿ, ಮೇಜಿನ ಆ ಕಡೆ ಐದು ಜನ ಸಾಲಾಗಿ ಕೂರಬೇಡಿ. ಹಣ ಕೊಡುವಾಗ ಫೋಟೊ ತೆಗೆಯಲೇಬೇಡಿ. ದಾನಿಗಳಿಗೆ ಲೆಕ್ಕ ಒಪ್ಪಿಸುವುದು ಅಗತ್ಯ; ಅದರಲ್ಲಿ ಎಷ್ಟು ಕುಟುಂಬ, ಯಾವ ಕಾರಣ, ಎಷ್ಟು ಹಣ ಎಂಬುದಿದ್ದರೆ ಸಾಕು.

ನಾವು ಮೋಸ ಹೋದದ್ದೂ ಉಂಟು. ಒಬ್ಬಾತ ಸುಳ್ಳು ಬಿಲ್ಲು ತೋರಿಸಿ ಹಣ ಪಡೆದ. ಗೊತ್ತಾದ ದಿನ ಸಿಟ್ಟು ಬಂತು, ನಿಜ. ಆದರೆ ಆ ನಷ್ಟಕ್ಕೊಂದು ಮೊತ್ತವಿತ್ತು, ಲೆಕ್ಕದ ಪುಸ್ತಕದಲ್ಲಿ ಬರೆದು ಮುಗಿಸಿದೆವು. ಹೊಲಿಗೆ ಯಂತ್ರದ ನಷ್ಟವನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಅಂದಿನಿಂದ ನಿಯಮ ಬದಲಿಸಿದೆವು: ಒಂದು ತಿಂಗಳ ಬಾಡಿಗೆಯೊಳಗಿನ ಮೊತ್ತವಾದರೆ ಇಬ್ಬರು ಸದಸ್ಯರು ಎರಡು ದಿನದಲ್ಲಿ ತೀರ್ಮಾನಿಸಬೇಕು, ಉಳಿದ ಕಾಗದಗಳನ್ನು ಆಮೇಲೆ ನೋಡಬಹುದು, ಅದಕ್ಕಿಂತ ಹೆಚ್ಚಾದರೆ ಮಾತ್ರ ಒಬ್ಬರು ಮನೆಗೆ ಹೋಗಿ ಬರಬೇಕು.

ಈ ನೆರವಿಗೆ ಮಿತಿಯಿದೆ. 1846–47ರ ಕ್ಷಾಮದ ಚಳಿಗಾಲದಲ್ಲಿ ಜರ್ಮನಿಯ ವೆಯರ್‌ಬುಶ್ ಎಂಬಲ್ಲಿ ಮೇಯರ್ ಆಗಿದ್ದ ರೈಫೈಸನ್ ಎಂಬಾತ ಉಳ್ಳವರಿಂದ ಹಣ ಕೂಡಿಸಿ, ರೊಟ್ಟಿಯ ಸಂಘ ಕಟ್ಟಿ, ಕೈಯಲ್ಲಿ ಕಾಸಿಲ್ಲದವರಿಗೆ ಸಾಲದ ಮೇಲೆ ಹಿಟ್ಟು, ರೊಟ್ಟಿ ಸಿಗುವಂತೆ ಮಾಡಿದ. ಹಸಿವೇನೋ ಆ ವರ್ಷಕ್ಕೆ ನೀಗಿತು. ಆದರೆ ದಾನವೊಂದರಿಂದಲೇ ಜನ ಸಾಲದ ಸುಳಿಯಿಂದ ಹೊರಬರಲಾರರೆಂಬುದು ಮುಂದಿನ ವರ್ಷಗಳಲ್ಲಿ ಅವನಿಗೆ ಮನವರಿಕೆಯಾಗಿ, 1864ರಲ್ಲಿ ಸದಸ್ಯರೇ ನಡೆಸುವ ಸಾಲದ ಸಂಘವನ್ನು ಕಟ್ಟಿದ. ನಿಮ್ಮ ನಿಧಿಯೂ ಸಂಬಳವಾಗಲಾರದು, ವಿಮೆಯಾಗಲಾರದು, ಸರ್ಕಾರ ಮಾಡಬೇಕಾದ ಕೆಲಸವನ್ನು ಹೊರಲಾರದು. ಮೂರನೆಯ ಸಲ ಅದೇ ಕುಟುಂಬ ಬಂದರೆ ಗದರಬೇಡಿ. ಸರ್ಕಾರದಿಂದ ಅವರಿಗೆ ಬರಬೇಕಾದ ಯಾವುದೋ ಸೌಲಭ್ಯ ಬರುತ್ತಿಲ್ಲವೆಂದು ತಿಳಿದು, ಆ ಅರ್ಜಿ ಬರೆಯಲು ಜೊತೆಗೆ ಕುಳಿತುಕೊಳ್ಳಿ. ನಮ್ಮಲ್ಲಿ ಅದಕ್ಕೆಂದೇ ಒಬ್ಬ ನಿವೃತ್ತ ಗುಮಾಸ್ತರಿದ್ದರು. ಹಣ ಹಂಚಿದ ನಮ್ಮೆಲ್ಲರಿಗಿಂತ ಅವರೇ ಹೆಚ್ಚು ಮನೆಗಳನ್ನು ಉಳಿಸಿದರೆಂದು ನನ್ನ ಅನಿಸಿಕೆ.

ನಾವು ಬಳಸುತ್ತಿದ್ದ ಅರ್ಜಿ ನಮೂನೆಯನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ಎರಡನೆಯ ಪುಟ ಎಲ್ಲೋ ಕಳೆದುಹೋಗಿದೆಯೆಂದು ಹುಡುಕಬೇಡ, ಇರುವುದೇ ಒಂದು ಪುಟ. ನಿಮ್ಮ ಮೊದಲ ಸಭೆ ಮುಗಿದ ಮೇಲೆ ಬರೆ.

ನಿನ್ನ,
ಹಳೆಯ ಗೆಳೆಯ